ಗೋಧಿ ಒಲ್ಲದ ಮಗಳಿಗೆ ಜೋಳದ ಕೇಕು

ಮೈದಾ ಇಲ್ಲ, ಮೊಟ್ಟೆ ಇಲ್ಲ. ಆದರೂ ಕೇಕು ಉಬ್ಬಬೇಕು, ಕೈಯಲ್ಲಿ ಹಿಡಿದರೆ ಪುಡಿ ಉದುರಬಾರದು. ನಮ್ಮ ಅಡುಗೆಮನೆಯಲ್ಲಿ ಸಿಲಿಕೋನ್ ಅಚ್ಚಿನೊಡನೆ ನಡೆಸಿದ ಎಂಟು ತಿಂಗಳ ಪ್ರಯೋಗದ ಪಾಠ ಇದು.

ನಮ್ಮದು ಮುದ್ದೇಬಿಹಾಳ ತಾಲ್ಲೂಕಿನ ಎರೆ ಹೊಲ. ಮುಂಗಾರಿಗೆ ತೊಗರಿ, ಹಿಂಗಾರಿಗೆ ಬಿಳಿಜೋಳ ಮತ್ತು ಕಡಲೆ. ಜೋಳದ ಸಾಲಿನ ನಡುವೆ ಕುಸುಬಿ, ಬದುವಿನ ಕಡೆ ಒಂದಿಷ್ಟು ಅಗಸೆ. "ಡೋಣಿ ಬೆಳೆದರ ಓಣೆಲ್ಲ ಜೋಳ" ಅನ್ನುವ ಮಾತು ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು. ದಿನಾ ಎರಡು ಹೊತ್ತು ರೊಟ್ಟಿ ಬಡಿಯುವ ಮನೆ. ಇಂಥ ಮನೆಯಲ್ಲಿ ಕೇಕಿನ ಮಾತು ಯಾಕೆ ಬಂತು ಅಂತ ಕೇಳಬಹುದು. ಬಂದದ್ದು ಮಗಳಿಂದ.

ಐದು ವರ್ಷದವಳಿದ್ದಾಗಿನಿಂದ ಆಕೆಗೆ ಮೈ ಹತ್ತುತ್ತಿರಲಿಲ್ಲ. ಹೊಟ್ಟೆ ಉಬ್ಬರ, ಮೇಲಿಂದ ಮೇಲೆ ಭೇದಿ, ಮುಖ ಬಿಳಚಿಕೊಂಡಿತ್ತು. ಜಂತುಹುಳದ ಔಷಧ ಕೊಟ್ಟೆವು. ರಕ್ತ ಕಡಿಮೆ ಅಂತ ಕಬ್ಬಿಣದ ಟಾನಿಕ್ ಕುಡಿಸಿದೆವು. ಎರಡು ವರ್ಷ ಹೀಗೇ ಕಳೆಯಿತು. ಕಡೆಗೆ ಮಕ್ಕಳ ವೈದ್ಯರೊಬ್ಬರು ಒಂದು ರಕ್ತಪರೀಕ್ಷೆ ಮಾಡಿಸಿದರು. ಆಮೇಲೆ ಬಾಯಿಯಿಂದ ನಳಿಗೆ ಇಳಿಸಿ ಕರುಳಿನ ಚೂರು ತೆಗೆದು ನೋಡಿ ಹೇಳಿದರು: "ಇದು ಸೀಲಿಯಾಕ್ ಕಾಯಿಲೆ. ಗೋಧಿ ಮುಟ್ಟಿಸಬ್ಯಾಡ್ರಿ. ಇದಕ್ಕ ಗುಳಿಗಿ ಇಲ್ಲ, ಪಥ್ಯನ ಔಷಧ. ಜೀವನಪೂರ್ತಿ."

ಜೋಳ ಉಣಿಸಬಹುದೇ ಎಂದು ಕೇಳಿದೆ. "ಧಾರಾಳ ಉಣಸ್ರಿ. ನಿಮ್ಮ ಹೊಲದಾಗ ಐತಲ್ಲ" ಎಂದರು. ಆ ಒಂದು ಮಾತಿನಿಂದ ಅರ್ಧ ಜೀವ ಬಂದಂತಾಯಿತು.

ಏನಿದು ಕಾಯಿಲೆ?

ಗೋಧಿ ಹಿಟ್ಟು ನಾದಿದರೆ ರಬ್ಬರಿನಂತೆ ಎಳೆಯುತ್ತದಲ್ಲ, ಆ ಜಿಗುಟಿಗೆ ಕಾರಣ ಗ್ಲುಟೆನ್ ಎಂಬ ಪ್ರೋಟೀನು. ಬ್ರೆಡ್ಡು, ಕೇಕು ಉಬ್ಬಿ ನಿಲ್ಲುವುದು ಇದರ ಬಲದಿಂದ. ಕೆಲವರ ದೇಹ ಈ ಗ್ಲುಟೆನ್ನನ್ನು ವೈರಿ ಎಂದು ತಿಳಿದು ಹೋರಾಡುತ್ತದೆ. ಆ ಹೋರಾಟದಲ್ಲಿ ಗಾಯವಾಗುವುದು ಸಣ್ಣ ಕರುಳಿನ ಒಳಪದರಕ್ಕೆ. ಅಲ್ಲಿ ಆಹಾರ ಹೀರುವ ಕೂದಲಿನಂಥ ಎಳೆಗಳು ಸವೆದು ಚಪ್ಪಟೆಯಾಗುತ್ತವೆ. ಬೇರು ಸತ್ತ ಗಿಡಕ್ಕೆ ಗೊಬ್ಬರ ಹಾಕಿದಂತೆ, ಉಂಡದ್ದು ಮೈಗೆ ಹತ್ತುವುದಿಲ್ಲ.

ಎರಡನೇ ಮಹಾಯುದ್ಧದ ಕೊನೆಗೆ, 1944-45ರ ಚಳಿಗಾಲದಲ್ಲಿ, ಹಾಲೆಂಡಿನಲ್ಲಿ ಬ್ರೆಡ್ಡಿಗೆ ಬರ ಬಂತು. ಜನ ಹಸಿವಿನಿಂದ ಕಂಗೆಟ್ಟರು. ಆದರೆ ಈ ಕಾಯಿಲೆಯ ಮಕ್ಕಳು ಮಾತ್ರ ಚೇತರಿಸಿಕೊಂಡರು. ಬ್ರೆಡ್ಡು ಮತ್ತೆ ಬಂದ ಮೇಲೆ ಮತ್ತೆ ಮಲಗಿದರು. ಮೊದಲಿನಿಂದಲೂ ಗೋಧಿಯ ಮೇಲೆ ಗುಮಾನಿ ಇದ್ದ ವಿಲ್ಲೆಮ್ ಡಿಕ್ಕೆ ಎಂಬ ಮಕ್ಕಳ ವೈದ್ಯ ಇದನ್ನು ಲೆಕ್ಕವಿಟ್ಟು 1950ರಲ್ಲಿ ಪ್ರಬಂಧ ಬರೆದರು. ಪಥ್ಯದ ದಾರಿ ತೆರೆದದ್ದು ಹೀಗೆ. ಜೋಳದ ಬಗ್ಗೆಯೂ ಪರೀಕ್ಷೆ ನಡೆದಿದೆ. ಈ ಕಾಯಿಲೆಯವರಿಗೆ ಜೋಳದ ತಿನಿಸು ತೊಂದರೆ ಕೊಡುವುದಿಲ್ಲ ಎಂದು ಇಟಲಿಯ ವೈದ್ಯರು 2007ರಲ್ಲಿ ವರದಿ ಮಾಡಿದ್ದಾರೆ.

ಇಲ್ಲಿ ಎರಡು ಮಾತು ನೆನಪಿಡಿ. ಒಂದು, ಈ ಕಾಯಿಲೆ ಇಲ್ಲದವರು ಗೋಧಿ ಬಿಡಬೇಕಾಗಿಲ್ಲ. ಎರಡು, ನಿಮ್ಮ ಮಗುವಿಗೂ ಹೀಗೇ ಇರಬಹುದು ಅನಿಸಿದರೆ ಮೊದಲು ಪರೀಕ್ಷೆ ಮಾಡಿಸಿ, ಆಮೇಲೆ ಗೋಧಿ ಬಿಡಿಸಿ. ಮೊದಲೇ ಬಿಡಿಸಿದರೆ ಕರುಳು ಚೇತರಿಸಿಕೊಂಡು, ಪರೀಕ್ಷೆಯಲ್ಲಿ ಕಾಯಿಲೆ ಕಾಣಿಸದೇ ಹೋಗಬಹುದು.

ಮನೆಯೊಳಗಿನ ಗೋಧಿ

ಚಪಾತಿ ಬಿಟ್ಟರೆ ಮುಗಿಯಿತು ಅಂದುಕೊಂಡಿದ್ದೆವು. ಪಟ್ಟಿ ಮಾಡಲು ಕುಳಿತಾಗ ಗಾಬರಿಯಾಯಿತು. ಹೋಳಿಗೆ, ಗೋಧಿ ಹುಗ್ಗಿ, ಮಾದಲಿ, ಸಜ್ಜಕ, ಶ್ಯಾವಿಗೆ, ಉಪ್ಪಿಟ್ಟು, ಕಡಬು... ನಮ್ಮ ಹಬ್ಬದ ಎಲೆಯ ತುಂಬ ಗೋಧಿಯೇ. "ಜವೆಗೋಧಿ ಹಗುರ, ಅದು ನಡೀತದ" ಎಂದು ಸಂಬಂಧಿಕರು ಹೇಳಿದರು. ನಡೆಯುವುದಿಲ್ಲ. ಜವೆಗೋಧಿಯೂ ಗೋಧಿಯೇ, ಅದರಲ್ಲೂ ಗ್ಲುಟೆನ್ ಇದೆ. ಅಂಗಡಿಯ ಇಂಗಿನಲ್ಲಿ ಗೋಧಿ ಹಿಟ್ಟು ಬೆರೆಸಿರುವುದು ಸಾಮಾನ್ಯ. ಬೇಕಿಂಗ್ ಪೌಡರಿನಲ್ಲೂ ಕೆಲವೊಮ್ಮೆ ಗೋಧಿಯ ಪಿಷ್ಟ ಇರುತ್ತದೆ. "ಜೋಳದ ಬಿಸ್ಕತ್ತು" ಎಂದು ದೊಡ್ಡ ಅಕ್ಷರದಲ್ಲಿ ಬರೆದ ಪೊಟ್ಟಣದ ಹಿಂಬದಿ ಓದಿದರೆ, ಸಣ್ಣ ಅಕ್ಷರದಲ್ಲಿ ಗೋಧಿ ಹಿಟ್ಟೂ ಸಿಗುವುದುಂಟು. ಹಿಂಬದಿ ಓದುವುದೇ ಈಗ ನನ್ನ ರೂಢಿ.

ಊಟಕ್ಕೆ ಹೇಗೋ ದಾರಿಯಾಯಿತು. ದಾರಿಯಾಗದೇ ಉಳಿದದ್ದು ಸಾಲಿಯ ಹುಟ್ಟುಹಬ್ಬ. ಯಾರದಾದರೂ ಹುಟ್ಟುಹಬ್ಬ ಬಂದರೆ ವರ್ಗದಲ್ಲಿ ಕೇಕು ಹಂಚುತ್ತಾರೆ. ನನ್ನ ಮಗಳು ಆ ಹೊತ್ತಿಗೆ ನೀರು ಕುಡಿಯುವ ನೆವ ಮಾಡಿ ಹೊರಗೆ ಹೋಗಿ ನಿಲ್ಲುತ್ತಿದ್ದಳು. ಇದನ್ನು ಆಕೆ ಹೇಳಲಿಲ್ಲ, ಆಕೆಯ ಮಾಸ್ತರರು ಹೇಳಿದರು. ಅವತ್ತು ರಾತ್ರಿ ನಿರ್ಧಾರ ಮಾಡಿದೆ. ಜೋಳ ನಮ್ಮದೇ, ಕೇಕೂ ನಮ್ಮದೇ ಆಗಲಿ.

ಮೊದಲ ಪಾಠ ಗಿರಣಿಯಲ್ಲಿ

ಕೇಕಿಗಿಂತ ಮೊದಲು ಗಿರಣಿಯ ಕಥೆ ಹೇಳಬೇಕು. ಪಥ್ಯ ಸುರುಮಾಡಿ ಎರಡು ತಿಂಗಳಾದರೂ ಮಗಳ ಹೊಟ್ಟೆ ಪೂರ್ತಿ ಸುಧಾರಿಸಲಿಲ್ಲ. ಜೋಳದ ರೊಟ್ಟಿ ಬಿಟ್ಟು ಬೇರೇನೂ ಕೊಟ್ಟಿಲ್ಲ, ಆದರೂ ಯಾಕೆ? ಒಂದು ದಿನ ಗಿರಣಿಯಲ್ಲಿ ಪಾಳಿ ಹಚ್ಚಿ ನಿಂತಾಗ ಕಣ್ಣಿಗೆ ಬಿತ್ತು. ನನ್ನ ಮುಂದಿನವರು ಗೋಧಿ ಬೀಸಿಕೊಂಡರು, ಅದೇ ಕಲ್ಲಿಗೆ ನನ್ನ ಜೋಳ ಬಿತ್ತು. ಮೊದಲು ಇಳಿದ ಹಿಟ್ಟು ನಸುಗೆಂಪು. ನಾನು ಮಗಳಿಗೆ ದಿನಾ ಗೋಧಿ ಉಣಿಸುತ್ತಿದ್ದೆ!

ಗಿರಣಿಯವರ ತಪ್ಪಲ್ಲ. ನೂರು ಮಂದಿಯ ಕಾಳು ಬೀಸುವ ಕಲ್ಲು ಅದು. ಮೊದಲ ಎರಡು ಕಿಲೋ ಹಿಟ್ಟು ದನಕ್ಕೆ ತೆಗೆದಿಟ್ಟು ಉಳಿದದ್ದು ಬಳಸಿ ನೋಡಿದೆವು. ಬೆರಕೆ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಕಡೆಗೆ ಒಂದು ಆಕಳ ಕರು ಮಾರಿದ ದುಡ್ಡಿನಲ್ಲಿ ಮನೆಗಿರಣಿ ತಂದೆವು. ಅದಕ್ಕೆ ಗೋಧಿ ಮುಟ್ಟಿಸುವುದಿಲ್ಲ. ಮುಂದಿನ ಪರೀಕ್ಷೆಯಲ್ಲಿ ಫರಕು ಕಾಣಿಸಿತು, ತೂಕವೂ ಏರಿತು.

ಕಣದಲ್ಲೂ ಎಚ್ಚರ ಬೇಕು. ಗೋಧಿ ರಾಶಿ ಮಾಡಿದ ಯಂತ್ರವೇ ಜೋಳಕ್ಕೂ ಬರುತ್ತದೆ. ನಾವು ಮನೆ ಖರ್ಚಿನ ಎರಡು ಚೀಲ ಜೋಳದ ತೆನೆಯನ್ನು ಬೇರೆ ಬಡಿದು, ಕೇರಿ, ಹರಿವಾಣದಲ್ಲಿ ಹರಡಿ ಆರಿಸುತ್ತೇವೆ. ಗೋಧಿ ಕಾಳು ಉದ್ದ, ಜೋಳದ ಕಾಳು ದುಂಡಗೆ. ಕಣ್ಣಿಗೆ ಸುಲಭವಾಗಿ ಸಿಗುತ್ತದೆ. ಪೇಟೆಯವರು ಪೊಟ್ಟಣದ ಮೇಲಿನ ಅಕ್ಷರ ನಂಬಬೇಕು. ನಮಗೆ ಬಿತ್ತುವುದರಿಂದ ಬೇಯಿಸುವ ತನಕ ಎಲ್ಲವೂ ಕಣ್ಣೆದುರೇ. ಸಣ್ಣ ಹಿಡುವಳಿದಾರನಿಗೆ ಇದು ದೊಡ್ಡ ಅನುಕೂಲ.

ತಗಡಿನ ಡಬ್ಬಿಯಿಂದ ಸಿಲಿಕೋನಿಗೆ

ಮೊದಲ ಕೇಕನ್ನು ಅಲ್ಯುಮಿನಿಯಮ್ ಡಬ್ಬಿಯಲ್ಲಿ ಮಾಡಿದೆ. ಮೈದಾ ಕೇಕಿನ ವಿಧಾನವೇ, ಮೈದಾ ಬದಲಿಗೆ ಜೋಳದ ಹಿಟ್ಟು. ತಳ ಹತ್ತಿತು, ಡಬ್ಬಿ ಬೋರಲು ಹಾಕಿದರೆ ಅರ್ಧ ಒಳಗೇ ಉಳಿಯಿತು. ಹೊರಗೆ ಬಂದದ್ದು ಮಾದಲಿಯಂತೆ ಪುಡಿಪುಡಿ. ಜೋಳದಲ್ಲಿ ಗ್ಲುಟೆನ್ ಇಲ್ಲ, ಹಿಡಿದು ನಿಲ್ಲಿಸುವ ಬಲೆ ಇಲ್ಲ. ಜಗ್ಗಿ ತೆಗೆಯುವಾಗ ಅದು ತಾಳುವುದಿಲ್ಲ.

ಇಂಡಿಯಲ್ಲಿ ನಿಂಬೆ ತೋಟ ಇರುವ ನನ್ನ ತಂಗಿ ಆರು ಬಟ್ಟಲಿನ ಸಿಲಿಕೋನ್ ಅಚ್ಚು ತಂದುಕೊಟ್ಟಳು. ಮುಟ್ಟಿದರೆ ಸೈಕಲ್ ಟ್ಯೂಬಿನ ಹಾಗೆ ಮೆತ್ತಗೆ. "ಇದನ್ನ ಬೆಂಕಿಗೆ ಇಟ್ಟರ ಕರಗೂದಿಲ್ಲೇನ?" ಎಂದು ಅತ್ತೆ ಕೇಳಿದರು. ನನಗೂ ಅದೇ ಅನುಮಾನ.

ಸಿಲಿಕೋನ್ ನಮ್ಮ ಸಾಮಾನ್ಯ ಪ್ಲಾಸ್ಟಿಕ್ ಅಲ್ಲ. ಮರಳಿನಲ್ಲಿರುವ ಸಿಲಿಕಾನ್ ಎಂಬ ಮೂಲವಸ್ತು ಆಮ್ಲಜನಕದೊಡನೆ ಸರಪಳಿಯಾಗಿ ಹೆಣೆದುಕೊಂಡು ಅದರ ಬೆನ್ನೆಲುಬು ಆಗಿರುತ್ತದೆ. ಆ ಸರಪಳಿ ಕಾವನ್ನು ಚೆನ್ನಾಗಿ ತಾಳುತ್ತದೆ. 1940ರಲ್ಲಿ ಅಮೆರಿಕದ ಯೂಜಿನ್ ರೋಕೋ ಎಂಬ ರಸಾಯನಶಾಸ್ತ್ರಜ್ಞ ಇದರ ಕಚ್ಚಾವಸ್ತುವನ್ನು ಸುಲಭವಾಗಿ ತಯಾರಿಸುವ ದಾರಿ ಕಂಡುಹಿಡಿದ ಮೇಲೆ ಇದು ಕಾರ್ಖಾನೆಗಳಿಗೆ ಬಂತು, ಅಡುಗೆಮನೆಗೆ ಬಂದದ್ದು ಬಹಳ ತಡವಾಗಿ. ಸಾಮಾನ್ಯವಾಗಿ ಇಂಥ ಅಚ್ಚುಗಳ ಮೇಲೆ 220 ಅಥವಾ 230 ಡಿಗ್ರಿ ಸೆಲ್ಸಿಯಸ್ ಮಿತಿ ಬರೆದಿರುತ್ತಾರೆ. ಕೇಕು ಬೇಯುವುದು 170-180ರಲ್ಲಿ. ಹಾಗಾಗಿ ಕರಗುವ ಭಯ ಇಲ್ಲ. ಆದರೆ ನೇರ ಉರಿಗೆ ಹಿಡಿದರೆ ಕೆಡುತ್ತದೆ.

ಜೋಳಕ್ಕೆ ಇದು ಯಾಕೆ ಹೊಂದುತ್ತದೆ? ಇದಕ್ಕೆ ಏನೂ ಅಂಟುವುದಿಲ್ಲ. ಕೇಕನ್ನು ಜಗ್ಗುವ ಬದಲು ಅಚ್ಚನ್ನೇ ಹಿಂದೆ ಮಡಚಿ, ಬಾಳೆಹಣ್ಣಿನ ಸಿಪ್ಪೆ ಸುಲಿದಂತೆ ಸುಲಿಯಬಹುದು. ಸಣ್ಣ ಬಟ್ಟಲಾದ್ದರಿಂದ ದುರ್ಬಲ ಹಿಟ್ಟಿಗೆ ಸುತ್ತಲೂ ಆಸರೆ ಸಿಗುತ್ತದೆ, ನಡುವೆ ಹಸಿ ಉಳಿಯುವುದಿಲ್ಲ.

ಒಂದು ಸಲಕ್ಕೆ ಒಂದೇ ಬದಲಾವಣೆ

ಹೊಲದಲ್ಲಿ ಹೊಸ ಬೀಜ, ಹೊಸ ಗೊಬ್ಬರ, ಹೊಸ ಔಷಧ ಮೂರನ್ನೂ ಒಂದೇ ವರ್ಷ ಹಾಕಿದರೆ ಯಾವುದರಿಂದ ಇಳುವರಿ ಬಂತೆಂದು ತಿಳಿಯುವುದಿಲ್ಲ. ಅಡುಗೆಮನೆಯಲ್ಲೂ ಅದೇ. ಪ್ರತಿ ಸಲ ಒಂದನ್ನೇ ಬದಲಿಸಿ ನೋಟುಬುಕ್ಕಿನಲ್ಲಿ ಬರೆದಿಟ್ಟೆ.

ಮೊದಲ ಸಲ: ಅದೇ ಹಿಟ್ಟು, ಅಚ್ಚು ಮಾತ್ರ ಸಿಲಿಕೋನು. ಇಡಿಯಾಗಿ ಹೊರಗೆ ಬಂತು. ಆದರೆ ಕಚ್ಚಿದರೆ ಪುಡಿ, ಬಾಯಲ್ಲಿ ಮರಳು ಮರಳು.

ಎರಡನೇ ಸಲ: ಹಿಟ್ಟನ್ನು ಸಣ್ಣ ಜರಡಿ ಹಿಡಿದು, ಕಲಸಿ ಅರ್ಧ ತಾಸು ನೆನೆಯಲು ಬಿಟ್ಟೆ. ಮರಳು ಕಡಿಮೆಯಾಯಿತು, ಪುಡಿ ನಿಲ್ಲಲಿಲ್ಲ.

ಮೂರನೇ ಸಲಕ್ಕೆ ದಾರಿ ತೋರಿಸಿದವರು ಅತ್ತೆ. ಅವರು ಕೇಕು ತಿಂದವರೂ ಅಲ್ಲ, ಮಾಡಿದವರೂ ಅಲ್ಲ. ನಾನು ಹಿಟ್ಟು ಕಲಸುವುದನ್ನು ನೋಡುತ್ತ ಕುಳಿತಿದ್ದವರು, "ತಣ್ಣೀರಾಗ ಕಲಸಿದರ ಜ್ವಾಳ ಎಂದರ ಕೂಡತದೇನವಾ? ರೊಟ್ಟಿಗೆ ಎಸರು ಯಾಕ ಇಡ್ತೀವಿ?" ಎಂದರು.

ಇಪ್ಪತ್ತು ವರ್ಷ ರೊಟ್ಟಿ ಬಡಿದವಳಿಗೆ ಇದು ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಜೋಳದ ಪಿಷ್ಟ ಸುಮಾರು 70 ಡಿಗ್ರಿ ಕಾವು ದಾಟಿದಾಗ ನೀರು ಹೀರಿ ಉಬ್ಬಿ ಅಂಟಾಗುತ್ತದೆ. ಎಸರು ಹಾಕಿದಾಗ ರೊಟ್ಟಿ ಹಿಟ್ಟಿಗೆ ಜಿಗಿ ಬರುವುದು ಇದರಿಂದಲೇ. ಗೋಧಿಗೆ ಗ್ಲುಟೆನ್ ಮಾಡುವ ಕೆಲಸವನ್ನು ಜೋಳಕ್ಕೆ ಎಸರು ಮಾಡಬೇಕು. ಒಂದು ಪಾಲು ಹಿಟ್ಟನ್ನು ಗಂಜಿ ಕಾಸಿ ಬೆರೆಸಿದೆ. ಅವತ್ತು ಮೊದಲ ಬಾರಿ ಕೇಕು ಹೋಳಾಗಿ ನಿಂತಿತು.

ನಾಲ್ಕನೇ ಸಲ: ನಮ್ಮ ಮನೆಯಲ್ಲಿ ಮೊಟ್ಟೆ ನಡೆಯುವುದಿಲ್ಲ. ಮೊಟ್ಟೆಯ ಜಾಗಕ್ಕೆ ಅಗಸೆ ತಂದೆ. ಅಗಸೆ ಪುಡಿಯನ್ನು ಬಿಸಿನೀರಿನಲ್ಲಿ ನೆನೆಸಿದರೆ ಲೋಳೆಯಾಗುತ್ತದೆ. ಗಂಜಿಯೂ ಅಗಸೆ ಲೋಳೆಯೂ ಕೂಡಿದಾಗ ಕೇಕು ಬಗ್ಗಿದರೂ ಮುರಿಯಲಿಲ್ಲ.

ಐದನೇ ಸಲ ಉರಿ ಜಾಸ್ತಿಯಾಗಿ ಮೇಲೆ ಬಿರಿಯಿತು, ಒಳಗೆ ಹಸಿ ಉಳಿಯಿತು. ಕಾವು 175ಕ್ಕೆ ಇಳಿಸಿದ ಮೇಲೆ ಹದ ಸಿಕ್ಕಿತು. ಸಿಲಿಕೋನಿಗೆ ಕಾವು ನಿಧಾನವಾಗಿ ಹರಿಯುತ್ತದೆ. ಆದ್ದರಿಂದ ತಗಡಿನ ಡಬ್ಬಿಗಿಂತ ಐದು ನಿಮಿಷ ಹೆಚ್ಚು ಬೇಕು. ಬಣ್ಣವೂ ಅಷ್ಟು ಕೆಂಪಗಾಗುವುದಿಲ್ಲ. ಬಣ್ಣ ನೋಡಿ ಬೆಂದಿಲ್ಲ ಅಂತ ತಿಳಿಯಬೇಡಿ, ಕಡ್ಡಿ ಚುಚ್ಚಿ ನೋಡಿ.

ಜೋಳ-ನಿಂಬೆ ಬಟ್ಟಲು ಕೇಕು

ಇದು 12 ಬಟ್ಟಲಿಗೆ, ಅಂದರೆ ಆರರ ಎರಡು ಅಚ್ಚಿಗೆ ಸಾಕಾಗುವ ಲೆಕ್ಕ.

ಜರಡಿ ಹಿಡಿದ ಬಿಳಿಜೋಳದ ಹಿಟ್ಟು 200 ಗ್ರಾಂ, ಬೆಲ್ಲದ ಪುಡಿ 120 ಗ್ರಾಂ, ಮೊಸರು 120 ಗ್ರಾಂ, ಕುಸುಬಿ ಅಥವಾ ಶೇಂಗಾ ಎಣ್ಣೆ 60 ಮಿ.ಲೀ., ಅಗಸೆ ಪುಡಿ 15 ಗ್ರಾಂ, ಬೇಕಿಂಗ್ ಪೌಡರ್ 2 ಚಹಾ ಚಮಚ, ಅಡುಗೆ ಸೋಡಾ ಕಾಲು ಚಹಾ ಚಮಚ, ನಿಂಬೆಹಣ್ಣು 2, ಚಿಟಿಕೆ ಉಪ್ಪು.

200 ಗ್ರಾಂ ಹಿಟ್ಟಿನಲ್ಲಿ 30 ಗ್ರಾಂ ತೆಗೆದು 40 ಮಿ.ಲೀ. ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ. ಅದಕ್ಕೆ 80 ಮಿ.ಲೀ. ಕುದಿಯುವ ನೀರು ಸುರಿದು, ಸಣ್ಣ ಉರಿಯಲ್ಲಿ ಅಂಟಿನ ಹದಕ್ಕೆ ಬರುವ ತನಕ ತಿರುವಿ. ಇಳಿಸಿ, ಬಿಸಿ ಇರುವಾಗಲೇ ಬೆಲ್ಲ ಹಾಕಿ ಕರಗಿಸಿ. ಅಗಸೆ ಪುಡಿಗೆ 50 ಮಿ.ಲೀ. ಬಿಸಿನೀರು ಹಾಕಿ ಹತ್ತು ನಿಮಿಷ ಬಿಡಿ. ಗಂಜಿ ಆರಿದ ಮೇಲೆ ಅಗಸೆ ಲೋಳೆ, ಮೊಸರು, ಎಣ್ಣೆ, ಉಪ್ಪು ಬೆರೆಸಿ, ಉಳಿದ ಹಿಟ್ಟು ಹಾಕಿ ಚೆನ್ನಾಗಿ ಕಲಸಿ ಅರ್ಧ ತಾಸು ಮುಚ್ಚಿಡಿ. ಇಡ್ಲಿ ಹಿಟ್ಟಿನ ಹದ ಇರಬೇಕು. ಗಟ್ಟಿಯಾದರೆ ಎರಡು ಚಮಚ ನೀರು ಸೇರಿಸಬಹುದು. ಹಿಟ್ಟು ಹಳತಾದಷ್ಟೂ ಜಿಗಿ ಕಡಿಮೆ, ವಾಸನೆಯೂ ಬರುತ್ತದೆ. ವಾರದೊಳಗೆ ಬೀಸಿದ್ದೇ ಆಗಲಿ. ಅಗಸೆಯನ್ನಂತೂ ಆಗಿಂದಾಗ ಪುಡಿ ಮಾಡಿ.

ಇಷ್ಟರಲ್ಲಿ ಓವನ್ ಕಾಯಿಸಿಕೊಳ್ಳಿ. ಕಡೆಗೆ ನಿಂಬೆಯ ಹಸಿರು ಸಿಪ್ಪೆ ತುರಿದು ಹಾಕಿ. ಬಿಳಿ ಭಾಗ ಬಂದರೆ ಕಹಿ. ಪೌಡರು, ಸೋಡಾ ಬೆರೆಸಿ, ಎಲ್ಲಕ್ಕಿಂತ ಕೊನೆಗೆ ಒಂದು ದೊಡ್ಡ ಚಮಚ ನಿಂಬೆರಸ ಹಾಕಿ. ಹುಳಿ ಮತ್ತು ಸೋಡಾ ಕೂಡಿದ ಕ್ಷಣವೇ ಗಾಳಿಗುಳ್ಳೆ ಏಳುತ್ತದೆ. ತಡ ಮಾಡಿದರೆ ಗುಳ್ಳೆ ಒಡೆದು ಕೇಕು ಕುಗ್ಗುತ್ತದೆ. ತಕ್ಷಣ ಬಟ್ಟಲಿಗೆ ಮುಕ್ಕಾಲು ಭಾಗ ತುಂಬಿ, 175 ಡಿಗ್ರಿಯಲ್ಲಿ 25ರಿಂದ 28 ನಿಮಿಷ ಬೇಯಿಸಿ. ಹೊರತೆಗೆದು ಹದಿನೈದು ನಿಮಿಷ ಆರಲು ಬಿಟ್ಟು ಸುಲಿಯಿರಿ. ಬಿಸಿಯಲ್ಲಿ ಸುಲಿದರೆ ಒಡೆಯುತ್ತದೆ.

ನಾವು ಬಳಸುವುದು ಮಾಲದಂಡಿಯಿಂದ ಆಯ್ದ ಎಂ 35-1 ಜೋಳ. 1930ರ ದಶಕದಲ್ಲಿ ಸೊಲ್ಲಾಪುರದ ಕಡೆಯ ಮೋಹೋಳದಲ್ಲಿ ಆಯ್ದು ತೆಗೆದ ತಳಿ ಇದು. ರೊಟ್ಟಿಗೆ ಯಾವ ಜೋಳ ಒಳ್ಳೆಯದೋ ಕೇಕಿಗೂ ಅದೇ ಒಳ್ಳೆಯದು. ನಿಂಬೆ ತಂಗಿಯ ತೋಟದ್ದು. ಇಂಡಿ ನಿಂಬೆಗೆ ಭೌಗೋಳಿಕ ಗುರುತು ಸಿಕ್ಕಿದೆ. ಅದರ ರಸದಷ್ಟೇ ಸಿಪ್ಪೆಯ ಘಮವೂ ಬೆಲೆ ಬಾಳುತ್ತದೆ ಎಂಬುದು ನನಗೆ ತಿಳಿದದ್ದು ಈ ಕೇಕಿನಿಂದ.

ಕರೆಂಟು ಇಲ್ಲದಾಗ ಹಬೆ ಕೇಕು

ನಮ್ಮ ಕಡೆ ಓವನ್ ಕಾಯುವ ಹೊತ್ತಿಗೇ ಕರೆಂಟು ಹೋಗುವುದುಂಟು. ಕಲಸಿದ ಹಿಟ್ಟು ಕಾಯುವುದಿಲ್ಲ. ಒಮ್ಮೆ ಹೀಗಾದಾಗ ಸಿಟ್ಟಿನಲ್ಲಿ ಅಚ್ಚನ್ನು ಇಡ್ಲಿ ಪಾತ್ರೆಗೆ ಇಟ್ಟುಬಿಟ್ಟೆ. ಇಪ್ಪತ್ತು ನಿಮಿಷಕ್ಕೆ ಮೆತ್ತಗಿನ ಕೇಕು ಸಿದ್ಧ. ಮೇಲೆ ಕೆಂಪು ಬಣ್ಣ ಇಲ್ಲ, ಆದರೆ ಓವನ್ನಿನದಕ್ಕಿಂತ ಮೃದು. ಹಬೆಯ ಕಾವು 100 ಡಿಗ್ರಿ ದಾಟದು, ಸಿಲಿಕೋನಿಗೂ ನಿಶ್ಚಿಂತೆ.

ಅದೇ ಹಿಟ್ಟಿಗೆ ಒಂದು ಹಿಡಿ ಒಣದ್ರಾಕ್ಷಿ ಸೇರಿಸಿದರೆ ರುಚಿ ಹೆಚ್ಚು. ಮುಚ್ಚಳಕ್ಕೆ ಒಳಗಿನಿಂದ ಬಟ್ಟೆ ಕಟ್ಟಿ, ಇಲ್ಲದಿದ್ದರೆ ಹನಿ ಬಿದ್ದು ಮೇಲ್ಮೈ ಕುಳಿ ಬೀಳುತ್ತದೆ. ಇಡ್ಲಿ ಪಾತ್ರೆ ಎಲ್ಲರ ಮನೆಯಲ್ಲೂ ಇರುತ್ತದೆ. ಹೊಸದಾಗಿ ಸುರು ಮಾಡುವವರು ಇಲ್ಲಿಂದಲೇ ಸುರು ಮಾಡಲಿ, ಓವನ್ ಕೊಳ್ಳುವುದು ಆಮೇಲಿನ ಮಾತು.

ಖಾರದ ಬಟ್ಟಲು

ಹೊಲಕ್ಕೆ ಬುತ್ತಿ ಒಯ್ಯುವವರಿಗೆ ಸಿಹಿ ಸಲ್ಲದು. ಜೋಳದ ಹಿಟ್ಟು 150 ಗ್ರಾಂ, ಮನೆಯಲ್ಲೇ ಬೀಸಿದ ಕಡಲೆ ಹಿಟ್ಟು 50 ಗ್ರಾಂ. ಜೋಳದ ಹಿಟ್ಟಿನಲ್ಲೇ 30 ಗ್ರಾಂ ತೆಗೆದು ಮೊದಲಿನಂತೆ 120 ಮಿ.ಲೀ. ನೀರಿನಲ್ಲಿ ಗಂಜಿ. ಮೊಸರು 150 ಗ್ರಾಂ, ಎಣ್ಣೆ 50 ಮಿ.ಲೀ., ನೆನೆಸಿದ ಅಗಸೆ ಪುಡಿ ಒಂದು ದೊಡ್ಡ ಚಮಚ, ಹೆಚ್ಚಿದ ಮೆಂತ್ಯೆ ಸೊಪ್ಪು ಒಂದು ಹಿಡಿ, ಒಂದು ಉಳ್ಳಾಗಡ್ಡಿ, ಎರಡು ಹಸಿಮೆಣಸಿನಕಾಯಿ, ಜೀರಿಗೆ, ಓಂಕಾಳು, ಒಂದು ಚಹಾ ಚಮಚ ಉಪ್ಪು, 2 ಚಹಾ ಚಮಚ ಬೇಕಿಂಗ್ ಪೌಡರ್. ಇಂಗು ಬೇಡ. 180 ಡಿಗ್ರಿಯಲ್ಲಿ 25-28 ನಿಮಿಷ. ಶೇಂಗಾ ಹಿಂಡಿ ಹಚ್ಚಿಕೊಂಡು ತಿಂದರೆ ನಮ್ಮ ಮನೆಯ ಗಂಡಸರೂ ಇದನ್ನು ಒಪ್ಪಿದ್ದಾರೆ.

ಮರುದಿನ ಜೋಳದ ಕೇಕು ಬಿರುಸಾಗುತ್ತದೆ. ತಣ್ಣಗಾದ ಪಿಷ್ಟ ಮತ್ತೆ ಗಟ್ಟಿಯಾಗುವುದು ಅದರ ಗುಣ, ತಂಗಳ ರೊಟ್ಟಿಯ ಹಾಗೇ. ಐದು ನಿಮಿಷ ಹಬೆಗೆ ಹಿಡಿದರೆ ಮೊದಲಿನಂತಾಗುತ್ತದೆ. ಬೇಸಿಗೆಯಲ್ಲಿ ಎರಡು ದಿನಕ್ಕಿಂತ ಹೆಚ್ಚು ಇಡಬೇಡಿ.

ಅಚ್ಚು ಕೊಳ್ಳುವಾಗ, ಬಳಸುವಾಗ

* ಆಹಾರಕ್ಕೆ ಯೋಗ್ಯ ಎಂದು ಬರೆದದ್ದು, ಕಾವಿನ ಮಿತಿ ನಮೂದಿಸಿದ್ದು ಮಾತ್ರ ಕೊಳ್ಳಿ. ತೀರಾ ಅಗ್ಗದ್ದು, ಗಾಢ ವಾಸನೆಯದು ಬೇಡ. ಎಳೆದು ತಿರುಚಿದಾಗ ಬೆಳ್ಳಗೆ ಗೆರೆ ಕಂಡರೆ ಬೇರೇನೋ ಬೆರೆಸಿದ್ದಾರೆ ಎನ್ನುತ್ತಾರೆ. ಇದು ಬರೀ ಸುಳಿವು, ಪಕ್ಕಾ ಪರೀಕ್ಷೆಯಲ್ಲ.

* ಸರಿಯಾಗಿ ಹದಗೊಳಿಸದ ಸಿಲಿಕೋನು ಕಾದಾಗ ಅದರಿಂದ ಆವಿಯಾಗುವ ಅಂಶ ಹೊರಬರುತ್ತದೆ. ಜರ್ಮನಿಯಲ್ಲಿ ಇದಕ್ಕೆ ಒಂದು ಅಳತೆ ಇಟ್ಟಿದ್ದಾರೆ: 200 ಡಿಗ್ರಿಯಲ್ಲಿ 4 ತಾಸು ಕಾಯಿಸಿದರೆ ತೂಕದ ಶೇ. 0.5ಕ್ಕಿಂತ ಹೆಚ್ಚು ಹೋಗಬಾರದು. ನಾವು ಹೊಸ ಅಚ್ಚನ್ನು ಸಾಬೂನಿನಲ್ಲಿ ತೊಳೆದು, ಕಿಟಕಿ ತೆಗೆದಿಟ್ಟು, ಮಿತಿಯೊಳಗಿನ ಕಾವಿನಲ್ಲಿ ಒಂದು ತಾಸು ಬರಿದೇ ಕಾಯಿಸಿ ಆಮೇಲೆ ಬಳಸಿದೆವು.

* ಅಚ್ಚನ್ನು ಮೊದಲು ತಟ್ಟೆಯ ಮೇಲಿಟ್ಟು ಆಮೇಲೆ ಹಿಟ್ಟು ಹಾಕಿ. ತುಂಬಿದ ಅಚ್ಚನ್ನು ಎರಡು ಕೈಯಲ್ಲಿ ಎತ್ತಿದರೆ ನಡುವೆ ಬಾಗಿ ಚೆಲ್ಲುತ್ತದೆ. ನನ್ನ ಒಂದು ಸಲದ ಹಿಟ್ಟೆಲ್ಲ ಒಲೆಯ ಪಾಲಾಗಿದೆ.

* ಕುಕ್ಕರಿನಲ್ಲಿ ಮರಳು ಹಾಕಿ ಬೇಯಿಸುವವರು ರಬ್ಬರು ಉಂಗುರ, ಸೀಟಿ ತೆಗೆಯಿರಿ. ಅಚ್ಚು ತಳಕ್ಕಾಗಲಿ ಗೋಡೆಗಾಗಲಿ ತಾಗದಂತೆ ಎತ್ತರದ ಸಿಂಬಿಯ ಮೇಲೆ ತಟ್ಟೆ ಇಟ್ಟು, ಅದರ ಮೇಲೆ ಅಚ್ಚು ಇಡಿ. ಜೋರು ಉರಿಯಲ್ಲಿ ಒಳಗಿನ ಕಾವು ಸಿಲಿಕೋನಿನ ಮಿತಿ ದಾಟುವುದು ಸುಲಭ. ಓವನ್ನಿನ ಉಷ್ಣಮಾಪಕ ಒಂದನ್ನು ಒಳಗಿಟ್ಟು ನೋಡಿಯೇ ನಂಬಿ.

* ಚಾಕು, ತಂತಿ ಬ್ರಶ್ಶು ತಾಗಿಸಬೇಡಿ. ಬಿಸಿನೀರು, ಮೆತ್ತನೆ ಬಟ್ಟೆ ಸಾಕು. ಎಣ್ಣೆಯ ಜಿಡ್ಡು ಉಳಿದರೆ ಮುಂದಿನ ಸಲ ಹಳೆ ವಾಸನೆ ಬರುತ್ತದೆ.

* ಪಥ್ಯದ ಮಗುವಿನ ಅಚ್ಚಿನಲ್ಲಿ ಗೋಧಿ ಕೇಕು ಎಂದೂ ಮಾಡಬೇಡಿ. ನಮ್ಮ ಮನೆಯಲ್ಲಿ ಹಸಿರು ಅಚ್ಚು, ಹಸಿರು ಜರಡಿ, ಹಸಿರು ಡಬ್ಬಿ ಮಗಳದ್ದು. ಓದು ಬಾರದ ಅತ್ತೆಗೂ ಗುರುತು ಸಿಗುತ್ತದೆ.

ಮಾರಬಹುದೇ?

ಬಸವನ ಬಾಗೇವಾಡಿಯ ಜಾತ್ರೆಗೆ ಮಾಡಿಕೊಡ್ರಿ, ಸಿಂದಗಿಯಲ್ಲಿ ಅಂಗಡಿಗೆ ಹಾಕ್ರಿ ಎಂದು ಹೇಳಿದವರಿದ್ದಾರೆ. 2023ರಲ್ಲಿ ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಆಚರಿಸಿದ ಮೇಲೆ ಜೋಳದ ತಿನಿಸಿಗೆ ಪೇಟೆಯಲ್ಲಿ ಹೆಸರು ಬಂದದ್ದು ನಿಜ. ಹೈದರಾಬಾದಿನ ಭಾರತೀಯ ಸಿರಿಧಾನ್ಯ ಸಂಶೋಧನಾ ಸಂಸ್ಥೆ ಜೋಳದ ಬಿಸ್ಕತ್ತು, ರವೆ, ಅವಲಕ್ಕಿ ತಯಾರಿಸುವ ವಿಧಾನಗಳನ್ನು ರೂಪಿಸಿದೆ. ಆಸಕ್ತಿ ಇದ್ದವರು ಅಲ್ಲಿ ತರಬೇತಿ ವಿಚಾರಿಸಬಹುದು.

ಆದರೆ "ಜೋಳದ ಕೇಕು" ಎಂದು ಮಾರುವುದು ಬೇರೆ, "ಗ್ಲುಟೆನ್ ಇಲ್ಲ" ಎಂದು ಬರೆದು ಮಾರುವುದು ಬೇರೆ. ಎರಡಕ್ಕೂ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇಕು. ಎರಡನೆಯದಕ್ಕೆ ಒಂದು ಕಿಲೋ ತಿನಿಸಿನಲ್ಲಿ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಬಾರದು ಎಂಬ ನಿಯಮವೂ ಇದೆ. ಕಣ್ಣಳತೆಗೆ ಇದು ಸಿಗುವುದಿಲ್ಲ, ಪ್ರಯೋಗಾಲಯದ ಪರೀಕ್ಷೆ ಬೇಕು. ಊರ ಗಿರಣಿಯ ಹಿಟ್ಟಿನಲ್ಲಿ ಮಾಡಿ ಹಾಗೆಂದು ಬರೆದರೆ, ನಂಬಿ ತಿಂದ ಇನ್ನೊಬ್ಬರ ಮಗುವಿಗೆ ನಾವೇ ನೋವು ಕೊಟ್ಟಂತೆ. ಅಷ್ಟು ವ್ಯವಸ್ಥೆ ಆಗುವ ತನಕ ನಾವು ಮಾರುವುದಿಲ್ಲ ಎಂದು ತೀರ್ಮಾನಿಸಿದ್ದೇವೆ. ಕೇಳಿ ಬಂದವರಿಗೆ ವಿಧಾನ ಹೇಳಿಕೊಡುತ್ತೇನೆ. ಇದೇ ತೊಂದರೆಯ ಮಕ್ಕಳಿರುವ ಎರಡು ಮನೆಯವರು ಬಂದು ಕಲಿತು ಹೋಗಿದ್ದಾರೆ.

ಕಳೆದ ತಿಂಗಳು ಮಗಳ ಹುಟ್ಟುಹಬ್ಬ. ಹಿಂದಿನ ರಾತ್ರಿ ನಾನೂ ಅತ್ತೆಯೂ ಕುಳಿತು ನಾಲ್ಕು ಸಲ ಬೇಯಿಸಿ ನಾಲ್ಕು ಡಜನ್ ನಿಂಬೆ ಬಟ್ಟಲು ಮಾಡಿದೆವು. ಮೂರನೇ ಸಲಕ್ಕೆ ಕರೆಂಟು ಹೋಯಿತು, ಉಳಿದದ್ದು ಹಬೆಯಲ್ಲಿ ಬೆಂದವು. ಹಾಗಾಗಿ ಅರ್ಧ ಕೆಂಪು, ಅರ್ಧ ಬಿಳುಪು. ಸಂಜೆ ಬುಟ್ಟಿ ಖಾಲಿ ಮಾಡಿಕೊಂಡು ಬಂದಳು. "ಬಿಳೀವು ಮೊದಲ ಮುಗದೂವು, ಅವ್ವಾ" ಎಂದಳು. ತಾನೇ ಹಂಚಿದಳಂತೆ, ಎಲ್ಲರೊಡನೆ ಕುಳಿತು ತಿಂದಳಂತೆ. ನೀರು ಕುಡಿಯಲು ಹೊರಗೆ ಹೋಗಲಿಲ್ಲ ಎಂದು ಮಾಸ್ತರರು ಹೇಳಿ ಕಳಿಸಿದ್ದರು.

ಸಜ್ಜೆ ಹಿಟ್ಟಿನಲ್ಲಿ, ನವಣೆ ಹಿಟ್ಟಿನಲ್ಲಿ ಇದೇ ರೀತಿ ಎಸರು ಹಾಕಿ ಪ್ರಯತ್ನಿಸಿದವರಿದ್ದರೆ ಪತ್ರಿಕೆಗೆ ಬರೆಯಿರಿ. ಸಜ್ಜೆ ಹಿಟ್ಟು ಬೇಗ ಕಹಿಯಾಗುತ್ತದೆ, ಬೀಸಿದ ದಿನವೇ ಬಳಸಿ ನೋಡಬೇಕೆಂದಿದ್ದೇನೆ. ಹದ ಸಿಕ್ಕರೆ ನಾನೂ ಬರೆಯುತ್ತೇನೆ, ಕೆಟ್ಟರೂ ಬರೆಯುತ್ತೇನೆ.